ಇಡೀ ವಾರದ ಅಡುಗೆಯೋ, ಅರ್ಧ ಅಡುಗೆಯೋ: ಹಾಲು ಬಿಡುವ ಮನೆಗೆ ಯಾವ ಯೋಜನೆ ಒಗ್ಗುತ್ತದೆ?

ವೀಗನ್ ಊಟಕ್ಕೆ, ಅಂದರೆ ಹಾಲು, ಜೇನು ಸೇರಿ ಪ್ರಾಣಿಮೂಲದ್ದೇನೂ ಇಲ್ಲದ ಊಟಕ್ಕೆ, ಹೊರಳುತ್ತೇನೆ ಎಂದವರಿಗೆ ಮನೆಯಲ್ಲಿ ಎದುರಾಗುವ ಮೊದಲ ಮಾತು ‘ಹಾಗಾದರೆ ಇನ್ನು ತಿನ್ನುವುದಾದರೂ ಏನನ್ನು?’ ಎಂಬುದು. ಕರ್ನಾಟಕದ ಅಡುಗೆಮನೆಯ ಮಟ್ಟಿಗೆ ಇದು ಬುಡವಿಲ್ಲದ ಭಯ. ರಾಗಿ ಮುದ್ದೆ, ಬಸ್ಸಾರು, ಉಪ್ಸಾರು, ಹುರುಳಿ ಸಾರು, ಜೋಳದ ರೊಟ್ಟಿ, ಎಣ್ಣೆಗಾಯಿ, ನೀರುದೋಸೆ, ಪತ್ರೊಡೆ, ಹಿತಕಿದ ಬೇಳೆ ಸಾರು ಯಾವುದಕ್ಕೂ ಹಾಲು ಬೇಕಿಲ್ಲ. ಒಗ್ಗರಣೆಗೆ ತುಪ್ಪದ ಬದಲು ಕಡಲೆಕಾಯಿ ಎಣ್ಣೆ ಹಾಕಿದರೆ ಮಧ್ಯಾಹ್ನದ ಊಟ ಹೆಚ್ಚುಕಡಿಮೆ ಇದ್ದ ಹಾಗೆಯೇ ನಡೆಯುತ್ತದೆ.

ಪೇಚಾಟ ಇರುವುದು ಬೇರೆ ಕಡೆ. ರಾತ್ರಿ ಒಂಬತ್ತಕ್ಕೆ ಕೆಲಸ ಮುಗಿಸಿ ಬಂದು, ಅಡುಗೆ ಮಾಡುವ ಮನಸ್ಸೂ ಇಲ್ಲದೆ, ಹೊಟ್ಟೆ ಮಾತ್ರ ಹಸಿದಿರುವಾಗ ನಾವು ಏನು ಮಾಡುತ್ತೇವೆ? ಅನ್ನಕ್ಕೆ ಮೊಸರು ಕಲಸಿ ಉಪ್ಪಿನಕಾಯಿ ಇಟ್ಟುಕೊಳ್ಳುತ್ತೇವೆ. ಮೊಸರನ್ನ ನಮ್ಮ ತುರ್ತು ಊಟ. ಬೆಳಗಿನ ಗಡಿಬಿಡಿಗೆ ಒಂದು ಲೋಟ ಹಾಲು, ನೆಂಟರು ಬಂದರೆ ಕಾಫಿ, ಮಕ್ಕಳು ಪಲ್ಯ ಒಲ್ಲೆ ಎಂದರೆ ತುಪ್ಪ ಸಕ್ಕರೆ. ಹೀಗೆ ಯೋಚನೆ ಮಾಡದೆ ಕೈಗೆ ಸಿಗುತ್ತಿದ್ದವೆಲ್ಲ ಹಾಲಿನವು. ಅವು ಹೋದ ಮೇಲೆ ಆ ಜಾಗದಲ್ಲಿ ಏನಿದೆ ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳದವರು ಎರಡನೇ ವಾರಕ್ಕೆ ಮೊಸರಿನ ಪಾತ್ರೆಗೆ ಮರಳುತ್ತಾರೆ. ಆದ್ದರಿಂದ ಮುಂದೆ ಹೋಲಿಸುವ ನಾಲ್ಕು ಬಗೆಯ ಯೋಜನೆಗಳನ್ನೂ ಒಂದೇ ಅಳತೆಗೋಲಿನಿಂದ ನೋಡಿದ್ದೇನೆ: ಯಾರಿಗೂ ಅಡುಗೆ ಬೇಡವಾದ ಆ ರಾತ್ರಿಯಲ್ಲಿ ಇದು ಕೈಹಿಡಿಯುತ್ತದೆಯೇ?

ಭಾನುವಾರವೇ ಇಡೀ ವಾರದ್ದು

ಹೊರದೇಶದ ವೀಡಿಯೊಗಳಲ್ಲಿ ಕಾಣುವ ಪದ್ಧತಿ ಇದು. ಭಾನುವಾರ ಮೂರು ನಾಲ್ಕು ಗಂಟೆ ನಿಂತು ಅಡುಗೆ ಮುಗಿಸಿ, ಡಬ್ಬಿಗಳಲ್ಲಿ ತುಂಬಿ, ಫ್ರಿಜ್‌ನಲ್ಲಿ ಸಾಲಾಗಿ ಜೋಡಿಸಿ, ದಿನಕ್ಕೊಂದರಂತೆ ಬಿಸಿಮಾಡಿ ತಿನ್ನುವುದು. ಒಬ್ಬರೇ ಇರುವವರಿಗೆ, ಅದರಲ್ಲೂ ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟು ರಾತ್ರಿ ಮರಳುವವರಿಗೆ, ಇದರಲ್ಲಿ ಲಾಭವಿದೆ. ತೂಕ ನೋಡಿ, ಪ್ರೋಟೀನ್ ಲೆಕ್ಕ ಹಾಕಿ ತಿನ್ನುವವರಿಗೂ ಅನುಕೂಲ.

ಆದರೆ ನಮ್ಮ ಅಡುಗೆಗಳಲ್ಲಿ ಅರ್ಧಕ್ಕರ್ಧ ಇದಕ್ಕೆ ಒಗ್ಗುವುದಿಲ್ಲ. ಕಾಳಿನ ಸಾರುಗಳು ಒಗ್ಗುತ್ತವೆ. ಹುರುಳಿ ಸಾರು, ಬಸ್ಸಾರು ಎರಡನೇ ದಿನ ಇನ್ನೂ ರುಚಿ. ಕಡಲೆಕಾಳು, ರಾಜ್ಮಾ, ಅಲಸಂದೆ ಚೆನ್ನಾಗಿ ಉಳಿಯುತ್ತವೆ. ಮುದ್ದೆ ಉಳಿಯುವುದಿಲ್ಲ, ಉಪ್ಪಿಟ್ಟು ಒಣಗಿ ಪುಡಿಯಾಗುತ್ತದೆ, ಸೊಪ್ಪಿನ ಪಲ್ಯ ಬಣ್ಣಗೆಡುತ್ತದೆ, ಕೋಸಂಬರಿ ನೀರು ಬಿಡುತ್ತದೆ, ಆಲೂಗಡ್ಡೆಯನ್ನು ಫ್ರೀಜರ್‌ನಲ್ಲಿಟ್ಟರೆ ತೆಗೆದಾಗ ತರಿತರಿಯಾಗಿ ನೀರಾಗಿರುತ್ತದೆ. ತೆಂಗಿನಕಾಯಿ ರುಬ್ಬಿ ಹಾಕಿದ ಹುಳಿ, ಗಸಿಗಳು ಬಲುಬೇಗ ಹಳಸುತ್ತವೆ. ಕರಾವಳಿಯ ಅಡುಗೆ ರೂಢಿಯಿರುವ ಮನೆಯಲ್ಲಿ ಈ ಪದ್ಧತಿ ಬುಧವಾರದವರೆಗೂ ಸಾಗುವುದು ಕಷ್ಟ.

ಬೇಯಿಸಿದ ಊಟವನ್ನು ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ ಮೂರರಿಂದ ನಾಲ್ಕು ದಿನದೊಳಗೆ ಮುಗಿಸಬೇಕು ಎಂಬುದು ಸಾಮಾನ್ಯ ನಿಯಮ. ಅಂದರೆ ಭಾನುವಾರದ್ದು ಗುರುವಾರಕ್ಕೆ ತೀರಲೇಬೇಕು. ಉಳಿದ ದಿನಗಳಿಗೆ ಫ್ರೀಜರ್ ಬೇಕು, ಇಲ್ಲವೇ ವಾರದ ನಡುವೆ ಇನ್ನೊಂದು ಅಡುಗೆ ಬೇಕು. ಅನ್ನದ ವಿಷಯದಲ್ಲಿ ಎಚ್ಚರ ಹೆಚ್ಚು. ಅಕ್ಕಿಯಲ್ಲಿರುವ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಕಣಗಳು ಕುದಿತಕ್ಕೂ ಸಾಯುವುದಿಲ್ಲ. ಅನ್ನವನ್ನು ಹೊರಗೇ ಬಿಟ್ಟರೆ ಅವು ಬೆಳೆದು ವಿಷ ಉಂಟುಮಾಡುತ್ತವೆ, ಮತ್ತೆ ಬಿಸಿಮಾಡಿದರೂ ಆ ವಿಷ ಹೋಗುವುದಿಲ್ಲ. ನಾಳೆಯ ಚಿತ್ರಾನ್ನಕ್ಕೆಂದು ಎತ್ತಿಡುವ ಅನ್ನ ಬೇಗ ಆರಲು ಅಗಲವಾದ ತಟ್ಟೆಯಲ್ಲಿ ಹರಡಿ, ಆರಿದೊಡನೆ ಫ್ರಿಜ್ ಸೇರಬೇಕು. ಕರೆಂಟ್ ಗಂಟೆಗಟ್ಟಲೆ ಹೋಗುವ ಊರುಗಳಲ್ಲಿ ಇಡೀ ವಾರದ ಅಡುಗೆಯನ್ನು ಫ್ರಿಜ್ ನಂಬಿ ಇಡುವುದನ್ನು ನಾನಂತೂ ಹೇಳಲಾರೆ.

ಜೊತೆಗೆ ತಂಗಳಿನ ಪ್ರಶ್ನೆ. ಮನೆಯಲ್ಲಿ ಹಿರಿಯರಿದ್ದರೆ ನಾಲ್ಕು ದಿನದ ಹಿಂದಿನ ಸಾರನ್ನು ಅವರ ಮುಂದಿಡಲಾಗದು. ಹಾಲು ಬಿಟ್ಟದ್ದನ್ನೇ ಒಪ್ಪದವರಿಗೆ ತಂಗಳನ್ನೂ ಬಡಿಸಿದರೆ ಎರಡು ಜಗಳ ಒಟ್ಟಿಗೆ ಶುರುವಾಗುತ್ತವೆ.

ಪಟ್ಟಿ ಮಾತ್ರ, ಅಡುಗೆ ದಿನದಿನವೂ

ಎರಡನೆಯದು ಅಗ್ಗದ ದಾರಿ. ವಾರಕ್ಕೊಂದು ಪಟ್ಟಿ ಬರೆದು ಫ್ರಿಜ್‌ನ ಬಾಗಿಲಿಗೆ ಅಂಟಿಸುವುದು, ಅದರಂತೆ ಸಂತೆ ಮಾಡುವುದು, ಅಡುಗೆಯನ್ನು ಮಾತ್ರ ಆಯಾ ಹೊತ್ತಿಗೆ ಬಿಸಿಬಿಸಿಯಾಗಿ ಮಾಡುವುದು. ಕೂಡು ಕುಟುಂಬಕ್ಕೆ, ಹಗಲು ಮನೆಯಲ್ಲಿ ಯಾರಾದರೂ ಇರುವಲ್ಲಿಗೆ ಇದು ಸರಿ. ಪಟ್ಟಿಯ ನಿಜವಾದ ಉಪಯೋಗ ರುಚಿಗಿಂತ ಪೋಷಣೆಯದು: ತೊಗರಿಬೇಳೆಯೊಂದರಲ್ಲೇ ವಾರ ಕಳೆಯುವ ಅಭ್ಯಾಸ ಅದರಿಂದ ತಪ್ಪುತ್ತದೆ. ದಿನಕ್ಕೊಂದು ಕಾಳು, ಒಂದು ಸೊಪ್ಪು, ಎಳ್ಳು ಅಥವಾ ಶೇಂಗಾ ಇರುವ ಏನಾದರೊಂದು, ಇಷ್ಟು ಪಟ್ಟಿಯಲ್ಲಿ ಕಂಡರೆ ಸಾಕು.

ಇದರ ದೋಷವನ್ನು ಮುಚ್ಚಿಡಬಾರದು. ವೀಗನ್ ಆಗುವ ನಿರ್ಧಾರ ಮಾಡಿದವರು ಒಬ್ಬರು, ಒಲೆಯ ಮುಂದೆ ನಿಲ್ಲುವವರು ಇನ್ನೊಬ್ಬರು ಆಗಿರುವ ಮನೆಗಳೇ ಹೆಚ್ಚು. ಮಗ ಪಟ್ಟಿ ಬರೆಯುತ್ತಾನೆ, ತಾಯಿ ಎರಡೆರಡು ಅಡುಗೆ ಮಾಡುತ್ತಾರೆ. ಪಟ್ಟಿ ಬರೆದವರೇ ಕಾಳು ನೆನೆಹಾಕಬೇಕು, ರಾತ್ರಿ ಸೋಯಾ, ಶೇಂಗಾದಂಥ ಸಸ್ಯದ ಹಾಲು ರುಬ್ಬಬೇಕು ಎಂಬ ಕರಾರು ಇಲ್ಲದಿದ್ದರೆ ಈ ಯೋಜನೆಯನ್ನು ಆರಿಸಬೇಡಿ. ಮರೆವಿಗೂ ಇಲ್ಲಿ ದಂಡ ಇದೆ: ಹುರುಳಿಯನ್ನು ಹಿಂದಿನ ರಾತ್ರಿ ನೆನೆಸದಿದ್ದರೆ ಮರುದಿನದ ಪಟ್ಟಿ ಅಲ್ಲಿಗೇ ಮುಗಿಯಿತು. ಅಡುಗೆ ಬೇಡವಾದ ರಾತ್ರಿಗೆ ಗೋಡೆಯ ಮೇಲಿನ ಕಾಗದ ಯಾವ ಸಹಾಯವನ್ನೂ ಮಾಡುವುದಿಲ್ಲ.

ಅರ್ಧ ಅಡುಗೆ

ಮೂರನೆಯದು, ನನ್ನ ಮೆಚ್ಚಿನದು. ಊಟವನ್ನು ಮಾಡಿಡುವುದಲ್ಲ, ಊಟದ ಅರ್ಧವನ್ನು ಮಾಡಿಡುವುದು. ಹಿಟ್ಟು, ಪುಡಿ, ಗೊಜ್ಜು, ಮೊಳಕೆ, ರೊಟ್ಟಿ. ಹೊಸ ಪದ್ಧತಿಯೇನಲ್ಲ, ಅಜ್ಜಿಯರ ಕಾಲದ ಅಡುಗೆಮನೆಯ ಕಪಾಟು ನಡೆಯುತ್ತಿದ್ದದ್ದೇ ಹೀಗೆ. ವೀಗನ್ ಆಗುವವರಿಗೆ ಅದು ಹೇಳಿ ಮಾಡಿಸಿದಂತಿದೆ, ಏಕೆಂದರೆ ಆ ಕಪಾಟಿನಲ್ಲಿದ್ದ ಬಹುಪಾಲು ಪದಾರ್ಥಗಳಿಗೆ ಹಾಲು ಸೋಕಿಯೇ ಇರಲಿಲ್ಲ.

ಇಡ್ಲಿ, ದೋಸೆಯ ಹಿಟ್ಟು ಉಕ್ಕಿದ ಮೇಲೆ ಫ್ರಿಜ್‌ನಲ್ಲಿ ಮೂರು ನಾಲ್ಕು ದಿನ ಬರುತ್ತದೆ. ಮೊದಲೆರಡು ದಿನ ಇಡ್ಲಿ, ಹುಳಿ ಬಂದಂತೆ ದೋಸೆ, ಕೊನೆಗೆ ಈರುಳ್ಳಿ ಹಾಕಿ ಪಡ್ಡು. ಹೆಸರುಕಾಳು, ಮಡಕೆಕಾಳುಗಳನ್ನು ಒಟ್ಟಿಗೆ ಮೊಳಕೆ ಕಟ್ಟಿಸಿ ಡಬ್ಬಿಯಲ್ಲಿಟ್ಟರೆ ಉಸಲಿ, ಸಾರು, ಹಸಿಯಾಗಿ ಕೋಸಂಬರಿ ಎಲ್ಲದಕ್ಕೂ ಆಗುತ್ತದೆ. ಕಡಲೆಕಾಳು, ರಾಜ್ಮಾವನ್ನು ಉಪ್ಪಷ್ಟೇ ಹಾಕಿ ಕುಕ್ಕರ್‌ನಲ್ಲಿ ಬೇಯಿಸಿ, ಒಂದೊಂದು ಹೊತ್ತಿಗೆ ಬೇಕಾದಷ್ಟನ್ನು ಬೇರೆಬೇರೆ ಡಬ್ಬಿಗೆ ಹಾಕಿ ಫ್ರೀಜರ್‌ನಲ್ಲಿಡಬಹುದು. ಇವು ಆಲೂಗಡ್ಡೆಯಂತೆ ಕೆಡುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ಅವರೆಕಾಯಿ ಅಗ್ಗವಾದಾಗ ಹಿತಕಿದ ಬೇಳೆಯನ್ನೂ ಹಾಗೆಯೇ ಕೂಡಿಡಿ. ತುರಿದ ತೆಂಗಿನಕಾಯಿಗೂ ಫ್ರೀಜರ್‌ನಲ್ಲಿ ಒಂದು ಜಾಗ ಇರಲಿ.

ಫ್ರಿಜ್ ಬೇಡದವುಗಳ ಪಟ್ಟಿ ಇದಕ್ಕಿಂತ ಶ್ರೀಮಂತ. ಉತ್ತರ ಕರ್ನಾಟಕದವರು ಇಲ್ಲಿ ನಮಗೆಲ್ಲ ಗುರುಗಳು. ಶೇಂಗಾ, ಅಗಸೆ, ಗುರೆಳ್ಳಿನ ಚಟ್ನಿಪುಡಿಗಳು ರುಚಿಗೆ ರುಚಿ, ಪೋಷಣೆಗೆ ಪೋಷಣೆ. ಶೇಂಗಾದಲ್ಲಿ ನೂರು ಗ್ರಾಂಗೆ ಸುಮಾರು 25 ಗ್ರಾಂ ಪ್ರೋಟೀನ್ ಇದೆ. ಮೀನು ಬಿಟ್ಟವರಿಗೆ ಒಮೆಗಾ-3 ಕೊಬ್ಬಿನ ಸಸ್ಯಮೂಲ ಅಗಸೆ. ಅಗಸೆಯ ಪುಡಿಯನ್ನು ಮಾತ್ರ ಸ್ವಲ್ಪಸ್ವಲ್ಪವೇ ಮಾಡಿಕೊಳ್ಳಿ, ಹಳೆಯದಾದರೆ ಎಣ್ಣೆ ಕಮಟು ಹಿಡಿಯುತ್ತದೆ. ಒಣಗಿಸಿದ ಕಡಕ್ ಜೋಳದ ರೊಟ್ಟಿ, ಸಜ್ಜೆ ರೊಟ್ಟಿ ತೇವ ತಾಗದಿದ್ದರೆ ವಾರಗಟ್ಟಲೆ ಇರುತ್ತವೆ. ಹಳೇ ಮೈಸೂರಿನ ಕಡೆಯಿಂದ ಪುಳಿಯೋಗರೆ ಗೊಜ್ಜು, ಹುರಿಹಿಟ್ಟು, ಸಾರಿನ ಪುಡಿ, ಮೆಂತ್ಯದ ಹಿಟ್ಟು ಬರಲಿ. ಮೆಂತ್ಯದ ಹಿಟ್ಟನ್ನು ಮೊಸರಿಗೆ ಕಲಸುವ ಬದಲು ಹುಣಸೆರಸ, ಬೆಲ್ಲದೊಂದಿಗೆ ಕಲಸಿ ಒಗ್ಗರಣೆ ಕೊಟ್ಟರೂ ಗೊಜ್ಜು ಚೆನ್ನಾಗಿಯೇ ಆಗುತ್ತದೆ.

ಈಗ ಆ ರಾತ್ರಿಯ ಪರೀಕ್ಷೆ. ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿಗೆ ಎಣ್ಣೆ, ಹಸಿ ಈರುಳ್ಳಿ, ಸೌತೆಕಾಯಿ: ಒಲೆ ಹಚ್ಚಬೇಕಿಲ್ಲ. ಬಿಸಿ ಅನ್ನಕ್ಕೆ ಪುಳಿಯೋಗರೆ ಗೊಜ್ಜು: ಅನ್ನ ಆಗುವಷ್ಟು ಹೊತ್ತು. ಗೊಜ್ಜವಲಕ್ಕಿ, ಹಿಟ್ಟಿದ್ದರೆ ದೋಸೆ. ಮೊಸರನ್ನದಷ್ಟೇ ಸಲೀಸಾದ ಊಟಗಳು ಇವು. ಮನೆಯಲ್ಲಿ ಒಬ್ಬರೇ ವೀಗನ್ ಆದರೂ ತೊಂದರೆಯಿಲ್ಲ, ಅದೇ ಪುಡಿಗೆ ಅವರು ಎಣ್ಣೆ ಹಾಕಿಕೊಳ್ಳುತ್ತಾರೆ, ಉಳಿದವರು ತುಪ್ಪ ಹಾಕಿಕೊಳ್ಳುತ್ತಾರೆ. ನಾಲ್ಕರಲ್ಲಿ ಈ ಸೌಲಭ್ಯ ಇರುವುದು ಇದೊಂದಕ್ಕೇ.

ಕೊರತೆ ಏನೆಂದರೆ, ದಿನಾ ಇಪ್ಪತ್ತು ನಿಮಿಷವಾದರೂ ಅಡುಗೆಮನೆಗೆ ಹೋಗಬೇಕು. ಪುಡಿ, ಗೊಜ್ಜುಗಳಿಗೆ ಒಗ್ಗಿ ಹೋದರೆ ಊಟದಲ್ಲಿ ಉಪ್ಪು ಹೆಚ್ಚಾಗುವ, ಹಸಿ ತರಕಾರಿ ಕಡಿಮೆಯಾಗುವ ಅಪಾಯವೂ ಇದೆ. ರಕ್ತದೊತ್ತಡ ಇರುವವರು ಪುಡಿಗೆ ಉಪ್ಪು ಹಾಕದೆ ಮಾಡಿಟ್ಟು ತಟ್ಟೆಯಲ್ಲಿ ಹಾಕಿಕೊಳ್ಳುವುದು ಲೇಸು.

ಹೊರಗಿನ ಡಬ್ಬಿ, ಅಂಗಡಿಯ ಪೊಟ್ಟಣ

ಪಿಜಿಯಲ್ಲಿ, ಹಾಸ್ಟೆಲ್‌ನಲ್ಲಿ ಇರುವವರಿಗೆ ಆಯ್ಕೆಯೇ ಇಲ್ಲ, ಹೊರಗಿನದನ್ನೇ ಯೋಜಿಸಿಕೊಳ್ಳಬೇಕು. ಮೆಸ್‌ನವರಿಗೆ ‘ವೀಗನ್’ ಎಂದು ಹೇಳಿದರೆ ‘ನಮ್ಮದು ಶುದ್ಧ ಸಸ್ಯಾಹಾರಿ’ ಎಂಬ ಉತ್ತರ ಬರುತ್ತದೆ. ‘ಹಾಲು, ಮೊಸರು, ಬೆಣ್ಣೆ, ತುಪ್ಪ ಬೇಡ’ ಎಂದು ಬಿಡಿಸಿ ಹೇಳಿ. ಹೋಟೆಲಿನಲ್ಲಿ ಇಡ್ಲಿ, ಉದ್ದಿನ ವಡೆ, ನೀರುದೋಸೆ ಸಾಮಾನ್ಯವಾಗಿ ಸರಿ. ರವೆ ಇಡ್ಲಿಯಲ್ಲಿ ಮೊಸರಿದೆ. ಪೊಂಗಲ್, ಕೇಸರಿಬಾತ್, ಬಿಸಿಬೇಳೆಬಾತ್‌ನಲ್ಲಿ ತುಪ್ಪ ಇರುವುದೇ ಹೆಚ್ಚು. ಮಸಾಲೆ ದೋಸೆಯನ್ನು ಎಣ್ಣೆಯಲ್ಲಿ ಹಾಕಿಕೊಡಿ ಎಂದು ಕೇಳಬೇಕು. ನಾನ್ ಹಿಟ್ಟಿಗೆ ಮೊಸರು, ಹಾಲು ಬಿದ್ದಿರುತ್ತದೆ.

ಪೊಟ್ಟಣದ ಮೇಲಿನ ಹಸಿರು ಚುಕ್ಕೆಯನ್ನು ನೆಚ್ಚಬೇಡಿ. ಹಾಲಿನ ಪುಡಿ, ಜೇನು ಇರುವ ತಿನಿಸಿಗೂ ಆ ಚುಕ್ಕೆ ಸಿಗುತ್ತದೆ. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ 2022ರಲ್ಲಿ ವೀಗನ್ ಆಹಾರಕ್ಕೆಂದೇ ನಿಯಮಗಳನ್ನು ತಂದು ಬೇರೆ ಚಿಹ್ನೆ ಗೊತ್ತುಮಾಡಿದೆ, ಹಸಿರು ಚೌಕದೊಳಗೆ ಎಲೆಯೊಡೆದ ಇಂಗ್ಲಿಷಿನ ‘ವಿ’ ಅಕ್ಷರ. ಅದಿಲ್ಲದಿದ್ದರೆ ಪದಾರ್ಥಗಳ ಪಟ್ಟಿಯನ್ನು ಓದಲೇಬೇಕು. ಬ್ರೆಡ್ಡು, ಬಿಸ್ಕತ್ತು, ಚಿಪ್ಸ್‌ಗಳಲ್ಲಿ ‘ಮಿಲ್ಕ್ ಸಾಲಿಡ್ಸ್’, ‘ವೇ’, ‘ಕೇಸಿನ್’ ಎಂಬ ಹೆಸರುಗಳಲ್ಲಿ ಹಾಲು ಅಡಗಿರುತ್ತದೆ.

ಸಸ್ಯಜನ್ಯ ‘ಮಾಂಸ’ದ ಪೊಟ್ಟಣಗಳು ದುಬಾರಿ, ಉಪ್ಪು ಧಾರಾಳ. ಕೋಳಿ, ಮೀನು ಬಿಟ್ಟು ಬಂದವರಿಗೆ ಮೊದಲ ತಿಂಗಳು ಆಸರೆಯಾಗಬಹುದು, ಅದಕ್ಕಿಂತ ಹೆಚ್ಚೇನಲ್ಲ. ಅದೇ ಕೆಲಸವನ್ನು ಕಿರಾಣಿ ಅಂಗಡಿಯ ಸೋಯಾ ಚಂಕ್ಸ್ ಮಾಡುತ್ತದೆ: ಒಣ ತೂಕದ ಅರ್ಧದಷ್ಟು ಪ್ರೋಟೀನ್, ಕಪಾಟಿನಲ್ಲಿ ತಿಂಗಳುಗಟ್ಟಲೆ ಬಾಳಿಕೆ. ಬಿಸಿನೀರಿನಲ್ಲಿ ನೆನೆಸಿ ಎರಡು ಸಲ ಹಿಂಡಿದರೆ ವಾಸನೆ ಹೋಗುತ್ತದೆ. ಕೋಳಿ ಸಾರಿನ ಮಸಾಲೆಯನ್ನೇ ರುಬ್ಬಿ ಹಾಕಿ.

ನನ್ನ ಆಯ್ಕೆ

ಒಂದನ್ನೇ ಹಿಡಿಯಬೇಕಿಲ್ಲ. ಅರ್ಧ ಅಡುಗೆಯನ್ನು ಬುನಾದಿ ಮಾಡಿಕೊಂಡು, ಅದರ ಮೇಲೆ ಸಡಿಲವಾದ ಪಟ್ಟಿಯೊಂದನ್ನು ಇಟ್ಟುಕೊಳ್ಳುವುದು ದುಡಿಯುವ ದಂಪತಿಗೆ ಅತ್ಯುತ್ತಮ. ಒಬ್ಬರೇ ಇರುವವರು ವಾರಕ್ಕೆ ಎರಡು ಕಾಳಿನ ಸಾರನ್ನಷ್ಟೇ ದೊಡ್ಡದಾಗಿ ಮಾಡಿ, ಉಳಿದದ್ದಕ್ಕೆ ಪುಡಿ ಮತ್ತು ಹಿಟ್ಟನ್ನು ನಂಬಲಿ. ಭಾನುವಾರ ಹಿಟ್ಟು ರುಬ್ಬಿ, ಮೊಳಕೆಗೆ ಕಾಳು ಹಾಕಿ, ಒಂದು ಪುಡಿ ಮಾಡಿದರೆ ಸಾಕು. ಸೋಮವಾರ ಇಡ್ಲಿ, ರಾತ್ರಿಗೆ ಮುದ್ದೆ ಮತ್ತು ಮೊಳಕೆ ಹುರುಳಿಯ ಸಾರು. ಮಂಗಳವಾರ ಅದೇ ಸಾರು, ಈ ಸಲ ಅನ್ನಕ್ಕೆ, ಬದಿಗೆ ನುಗ್ಗೆಸೊಪ್ಪಿನ ಪಲ್ಯ. ಬುಧವಾರ ದೋಸೆಗೆ ಹುರಿಗಡಲೆ ಚಟ್ನಿ, ರಾತ್ರಿ ಚಪಾತಿಗೆ ಫ್ರೀಜರ್‌ನಿಂದ ತೆಗೆದ ಕಡಲೆಕಾಳಿನ ಗೊಜ್ಜು. ಗುರುವಾರ ಸಾಮಾನ್ಯವಾಗಿ ಎಲ್ಲರೂ ದಣಿದಿರುತ್ತಾರೆ, ಅಂದು ರೊಟ್ಟಿ ಮತ್ತು ಚಟ್ನಿಪುಡಿ. ಶುಕ್ರವಾರಕ್ಕೆ ತರಕಾರಿ ಬುಟ್ಟಿಯಲ್ಲಿ ಉಳಿದದ್ದೆಲ್ಲ ಹಾಕಿ ಸಾಗು ಅಥವಾ ಹುಳಿ. ಶನಿವಾರ, ಭಾನುವಾರಕ್ಕೆ ಪಟ್ಟಿ ಬರೆಯಲು ಹೋಗಬೇಡಿ.

ಹಾಲಿನ ಜಾಗಕ್ಕೆ ಯಾವುದು?

ಊಟದ ಯೋಜನೆ ಎಷ್ಟೇ ಗಟ್ಟಿಯಾಗಿದ್ದರೂ ಕಾಫಿ ಮತ್ತು ಮೊಸರಿನ ಪ್ರಶ್ನೆ ಇತ್ಯರ್ಥವಾಗದೆ ಮನೆ ನೆಮ್ಮದಿಯಿಂದಿರುವುದಿಲ್ಲ. ಎಲ್ಲದಕ್ಕೂ ಒಂದೇ ಬದಲಿ ಹುಡುಕುವುದು ವ್ಯರ್ಥ. ಕಾಫಿಗೊಂದು, ಮೊಸರಿಗೊಂದು, ಪಾಯಸಕ್ಕೊಂದು ಎಂದು ಹಂಚಿಕೊಳ್ಳಬೇಕು.

ಪ್ರೋಟೀನ್ ದೃಷ್ಟಿಯಿಂದ ಹಸುವಿನ ಹಾಲಿಗೆ ಹತ್ತಿರ ನಿಲ್ಲುವುದು ಸೋಯಾ ಹಾಲು. ಮನೆಯಲ್ಲಿ ಮಾಡುವುದಾದರೆ ಕಾಳನ್ನು ರಾತ್ರಿ ನೆನೆಸಿ, ಸಿಪ್ಪೆ ಉಜ್ಜಿ, ರುಬ್ಬಿ ಸೋಸಿ ಚೆನ್ನಾಗಿ ಕುದಿಸಲೇಬೇಕು. ಹಸಿ ಸೋಯಾದಲ್ಲಿ ಜೀರ್ಣಕ್ಕೆ ಅಡ್ಡಿಯಾಗುವ ಅಂಶಗಳಿವೆ. ಫಿಲ್ಟರ್ ಕಾಫಿಯಲ್ಲಿ ಇದು ಕೆಲವೊಮ್ಮೆ ಒಡೆಯುತ್ತದೆ, ಡಿಕಾಕ್ಷನ್‌ನ ಆಮ್ಲ ಮತ್ತು ಬಿಸಿ ಸೇರಿ ಪ್ರೋಟೀನ್ ಹೆಪ್ಪುಗಟ್ಟುವುದೇ ಕಾರಣ. ಹಾಲನ್ನು ಬೆಚ್ಚಗೆ ಮಾಡಿ ಲೋಟಕ್ಕೆ ಮೊದಲು ಹಾಕಿ, ಡಿಕಾಕ್ಷನ್ ಅನ್ನು ನಿಧಾನವಾಗಿ ಬೆರೆಸಿದರೆ ಒಡೆಯುವುದು ಕಡಿಮೆ. ಕಾಫಿಗೆ ಅಂಗಡಿಯ ಓಟ್ಸ್ ಪಾನೀಯ ಇದಕ್ಕಿಂತ ಮೃದು, ಆದರೆ ದುಬಾರಿ. ಮನೆಯಲ್ಲಿ ಮಾಡಿದ ಓಟ್ಸ್ ಹಾಲನ್ನು ಕಾಯಿಸಿದರೆ ಪಿಷ್ಟ ಬೆಂದು ಗಂಜಿಯಾಗುತ್ತದೆ. ಬಾದಾಮಿ ಹಾಲು ರುಚಿ. ಅಂಗಡಿಯದರಲ್ಲಿ ಬಾದಾಮಿ ಎಷ್ಟಿದೆ ಎಂದು ಪೊಟ್ಟಣದ ಹಿಂಬದಿ ಓದಿದ ಮೇಲೆ ದುಡ್ಡು ಕೊಡಿ.

ಮೊಸರಿಗೆ ನನ್ನ ಮತ ಶೇಂಗಾಕ್ಕೆ. ಬೀಜವನ್ನು ರಾತ್ರಿ ನೆನೆಸಿ, ಸಿಪ್ಪೆ ತೆಗೆದು, ನುಣ್ಣಗೆ ರುಬ್ಬಿ ಸೋಸಿ, ಕುದಿಸಿ, ಉಗುರುಬೆಚ್ಚಗಾದಾಗ ಹೆಪ್ಪು ಹಾಕಬೇಕು. ಮೊದಲ ಹೆಪ್ಪಿಗೆ ಹಸಿಮೆಣಸಿನಕಾಯಿಯ ತೊಟ್ಟುಗಳು ಸಾಕು. ಆ ಮೊದಲ ಮೊಸರಿನ ರುಚಿ ನೋಡಿ ಕೈಬಿಡಬೇಡಿ, ಅದರ ಒಂದು ಚಮಚದಿಂದ ಹೆಪ್ಪು ಹಾಕಿದ ಮುಂದಿನದು ಹೆಚ್ಚು ಹದವಾಗಿ ಬರುತ್ತದೆ. ಶೇಂಗಾದ ವಾಸನೆ ಪೂರ್ತಿ ಹೋಗುವುದಿಲ್ಲ; ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಬಿದ್ದ ಮೇಲೆ ಅದರ ತಂಟೆ ಇರದು. ಬೂಸಲು ಹಿಡಿದ, ಮುರುಟಿದ ಬೀಜಗಳನ್ನು ಆರಿಸಿ ಎಸೆಯಿರಿ. ಶೇಂಗಾ ಅಲರ್ಜಿ ಇರುವವರಿಗೆ ಸೋಯಾ ಮೊಸರು ಇದೆ, ಆದರೆ ಸೋಯಾ ಕೂಡ ಕೆಲವರಿಗೆ ಒಗ್ಗದು.

ಊಟದ ಕೊನೆಗೆ ಮಜ್ಜಿಗೆ ಬೇಕೇಬೇಕು ಎನ್ನುವವರಿಗೆ ಶಿರಸಿ, ಸಿದ್ದಾಪುರದ ಕಡೆಯ ಅಪ್ಪೆಹುಳಿ, ಕರಾವಳಿಯ ಪುನರ್ಪುಳಿ ಸಾರು ಇವೆ. ಬದಲಿ ಎನಿಸಿಕೊಳ್ಳುವ ಹಂಗಿಲ್ಲದ, ಸ್ವಂತ ಗೌರವವುಳ್ಳ ಅಡುಗೆಗಳು ಅವು.

ಪಾಯಸಕ್ಕೆ ಕಾಯಿಹಾಲಿಗಿಂತ ಮೇಲಾದದ್ದಿಲ್ಲ. ಹಸುವಿನ ಹಾಲಿದ್ದಾಗಲೂ ಕಡಲೆಬೇಳೆ ಪಾಯಸಕ್ಕೆ ಅದೇ ಬೀಳುತ್ತಿತ್ತು. ದಪ್ಪ ಹಾಲನ್ನು ಕೊನೆಯಲ್ಲಿ ಹಾಕಿ ಒಲೆ ಆರಿಸಿ, ಕುದಿಸಿದರೆ ಒಡೆಯುತ್ತದೆ. ಅದನ್ನು ದಿನಬಳಕೆಯ ಹಾಲು ಎಂದುಕೊಳ್ಳಬೇಡಿ, ಅದರಲ್ಲಿ ಕೊಬ್ಬು ಹೆಚ್ಚು, ಪ್ರೋಟೀನ್ ಬಲು ಕಡಿಮೆ. ಮನೆಯಲ್ಲಿ ತೆಗೆದ ಯಾವ ಸಸ್ಯದ ಹಾಲೂ ಫ್ರಿಜ್‌ನಲ್ಲಿ ಎರಡು ಮೂರು ದಿನಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ಯೋಜನೆಯಲ್ಲಿ ವಾರಕ್ಕೆರಡು ಸಲ ಈ ಕೆಲಸಕ್ಕೆ ಹೊತ್ತು ಇಟ್ಟುಕೊಳ್ಳಿ.

ತಟ್ಟೆಯಲ್ಲಿ ಕಾಣದ ಲೆಕ್ಕ

ಹಾಲು ಬಿಟ್ಟಾಗ ಕ್ಯಾಲ್ಸಿಯಂ ಎಲ್ಲಿಂದ ಎಂಬ ಪ್ರಶ್ನೆ ನ್ಯಾಯವಾದದ್ದು. ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ ಬೇಕು ಎಂದು ನಮ್ಮ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ, ಅಂದರೆ ದೊಡ್ಡ ಲೋಟದ ಹಾಲಿಗೆ ಸಮ. ಸಿಪ್ಪೆ ಸಹಿತ ಎಳ್ಳಿನ ಒಂದು ದೊಡ್ಡ ಚಮಚ ನೂರರ ಗಡಿ ದಾಟುತ್ತದೆ. ನುಗ್ಗೆಸೊಪ್ಪು, ಹುರುಳಿ ಜೊತೆಗೂಡುತ್ತವೆ. ಪಾಲಕ್‌ನಲ್ಲಿ ಕ್ಯಾಲ್ಸಿಯಂ ಇದ್ದರೂ ಅದರಲ್ಲೇ ಇರುವ ಆಕ್ಸಲೇಟ್ ಎಂಬ ಅಂಶ ಅದನ್ನು ಹಿಡಿದಿಡುವುದರಿಂದ ಮೈಗೆ ಹತ್ತುವುದು ಅಲ್ಪ. ಕಬ್ಬಿಣಾಂಶಕ್ಕೆ ಕಾಳು, ಸೊಪ್ಪಿನ ಊಟದ ಮೇಲೆ ನಿಂಬೆರಸ ಹಿಂಡಿಕೊಳ್ಳಿ, ಕಾಫಿ, ಚಹಾವನ್ನು ಊಟದಿಂದ ಒಂದು ಗಂಟೆಯಾದರೂ ದೂರ ಇಡಿ.

ಬಿ12 ವಿಟಮಿನ್ ಮಾತ್ರ ಯಾವ ಯೋಜನೆಯಿಂದಲೂ ತಟ್ಟೆಗೆ ಬರುವುದಿಲ್ಲ. ದಿನಕ್ಕೆ ಬೇಕಾದದ್ದು ಎರಡು ಮೈಕ್ರೋಗ್ರಾಂ ಆಸುಪಾಸಿನಷ್ಟೇ ಆದರೂ, ನಂಬಬಹುದಾದ ಸಸ್ಯಮೂಲ ಇಲ್ಲ. ಇಡ್ಲಿ ಹಿಟ್ಟು ಹುಳಿಯುವಾಗ ಹುಟ್ಟುತ್ತದೆ, ಸ್ಪಿರುಲಿನಾ ಎಂಬ ಪಾಚಿಯ ಪುಡಿಯಲ್ಲಿ ಇದೆ ಎನ್ನುವ ಮಾತುಗಳನ್ನು ಕಿವಿಗೆ ಹಾಕಿಕೊಳ್ಳಬೇಡಿ. ಯಕೃತ್ತಿನ ದಾಸ್ತಾನು ವರ್ಷಗಟ್ಟಲೆ ಸಾಗುವುದರಿಂದ ಕೊರತೆ ತಡವಾಗಿ ಗೊತ್ತಾಗುತ್ತದೆ. ಸೊಪ್ಪು, ಕಾಳಿನಲ್ಲಿ ಧಾರಾಳವಾಗಿರುವ ಫೋಲೇಟ್ ಎಂಬ ಇನ್ನೊಂದು ಬಿ ವಿಟಮಿನ್ ರಕ್ತಹೀನತೆಯ ಲಕ್ಷಣವನ್ನು ಮರೆಸಿ, ಒಳಗೊಳಗೇ ನರಗಳು ಹಾಳಾಗುವುದೂ ಉಂಟು. ಸಸ್ಯಾಹಾರಿಗಳಲ್ಲಿ ಈ ಕೊರತೆ ಮೊದಲೇ ಸಾಮಾನ್ಯವಾಗಿರುವುದರಿಂದ, ಹಾಲು ಬಿಡುವ ಮುನ್ನವೇ ಒಮ್ಮೆ ರಕ್ತಪರೀಕ್ಷೆ ಮಾಡಿಸಿ ವೈದ್ಯರು ಹೇಳಿದ ಪ್ರಮಾಣದ ಮಾತ್ರೆ ಶುರುಮಾಡಿ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಚಿಕ್ಕ ಮಕ್ಕಳ ವಿಷಯದಲ್ಲಿ ವೈದ್ಯರ ಸಲಹೆಯಿಲ್ಲದೆ ಈ ಬದಲಾವಣೆ ಬೇಡವೇ ಬೇಡ. ಔಷಧಿ ಅಂಗಡಿಯಲ್ಲಿ ಇನ್ನೊಂದು ವಿಚಾರಿಸಿಕೊಳ್ಳಬೇಕು: ಕ್ಯಾಪ್ಸೂಲ್‌ಗಳ ಹೊರಕವಚ ಹೆಚ್ಚಾಗಿ ಪ್ರಾಣಿಜನ್ಯ ಜೆಲಾಟಿನ್‌ನದು, ಡಿ3 ವಿಟಮಿನ್ ಬಹುಪಾಲು ಕುರಿಯ ಉಣ್ಣೆಯ ಜಿಡ್ಡಿನಿಂದ ಬಂದದ್ದು. ಬಿ12ಕ್ಕೆ ಗುಳಿಗೆಯ ರೂಪದ್ದನ್ನೂ, ಡಿ ಬೇಕೆಂದು ವೈದ್ಯರು ಹೇಳಿದರೆ ಡಿ2 ಅಥವಾ ಕಲ್ಲುಹೂವಿನ ಮೂಲದ ಡಿ3ಯನ್ನೂ ಕೇಳಿ ಪಡೆಯಿರಿ.